ಬೆಂಗಳೂರು ದಕ್ಷಿಣ: ಬಿಜೆಪಿ ಕಟ್ಟಿದ ಕೋಟೆಯಾ, ಕಾಂಗ್ರೆಸ್ ಬಿಟ್ಟುಕೊಟ್ಟ ಜಾಗವಾ?

ಹನುಮಂತನಗರದ ಹಳಬ:

ಲೋಕಸಭೆ ಚುನಾವಣೆ ಬಂದಾಗೆಲ್ಲ ಟಿವಿಯವರದು ಒಂದೇ ರಾಗ, ಬೆಂಗಳೂರು ದಕ್ಷಿಣ ಅಂದರೆ ಬಿಜೆಪಿಯ ಭದ್ರಕೋಟೆ ಅಂತ. ಲೆಕ್ಕ ತಪ್ಪೇನಲ್ಲ. 1991ರಿಂದ 2024ರವರೆಗೆ 9 ಚುನಾವಣೆ, ಒಂಬತ್ತರಲ್ಲೂ ಬಿಜೆಪಿ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ ಹೇಳಿದ ಹಾಗೆ. ಈ ಕ್ಷೇತ್ರ ಕಾಂಗ್ರೆಸ್ಸಿನ ಕೈ ತಪ್ಪಿದ್ದು 1991ರಲ್ಲಿ ಅಲ್ಲ, 1977ರಲ್ಲಿ. ಆಗ ಬಿಜೆಪಿ ಇನ್ನೂ ಹುಟ್ಟಿರಲೇ ಇಲ್ಲ.

1977ರಿಂದ ಈಚೆಗೆ ಇಲ್ಲಿ 13 ಲೋಕಸಭಾ ಚುನಾವಣೆ ಆಗಿವೆ. ಕಾಂಗ್ರೆಸ್ ಗೆದ್ದಿರುವುದು ಒಂದೇ ಒಂದು, 1989ರಲ್ಲಿ ಗುಂಡೂರಾವ್. ಅದಕ್ಕೂ ಹಿಂದಿನ ಮೂರೂ ಜನತಾ ಪಕ್ಷದ್ದು. 1977ರಲ್ಲಿ ಕೆ.ಎಸ್. ಹೆಗ್ಡೆ, 1980ರಲ್ಲಿ ಟಿ.ಆರ್. ಶಾಮಣ್ಣ, 1984ರಲ್ಲಿ ವಿ.ಎಸ್. ಕೃಷ್ಣ ಅಯ್ಯರ್. ಇವು ಎಂಥಾ ವರ್ಷಗಳು ಅಂತ ಸ್ವಲ್ಪ ನೋಡಿ. 1977ರಲ್ಲಿ ಉತ್ತರ ಭಾರತ ಪೂರ್ತಿ ಇಂದಿರಾ ಗಾಂಧಿಗೆ ಬೆನ್ನು ತಿರುಗಿಸಿದಾಗ ಕರ್ನಾಟಕ ಮಾತ್ರ 28ರಲ್ಲಿ 26 ಸೀಟು ಕೊಟ್ಟು ಕೈ ಹಿಡಿಯಿತು. ತಪ್ಪಿದ್ದು ಎರಡೇ, ಒಂದು ಹಾಸನ, ಇನ್ನೊಂದು ನಮ್ಮದು. 1980ರಲ್ಲಿ ಇಂದಿರಾ ವಾಪಸ್ ಬಂದಾಗ ಕಾಂಗ್ರೆಸ್‌ಗೆ 27 ಸಿಕ್ಕಿತು, ಉಳಿದ ಒಂದೇ ಒಂದು ಸೀಟು ಮತ್ತೆ ನಮ್ಮದೇ. 1984ರಲ್ಲಿ ಇಂದಿರಾ ಹತ್ಯೆಯ ಅನುಕಂಪದ ಅಲೆ ಇತ್ತಲ್ಲ, ಆಗಲೂ ಜನತಾ ಪಕ್ಷ ಉಳಿಸಿಕೊಂಡ ನಾಲ್ಕು ಸೀಟಿನಲ್ಲಿ ಇದೂ ಒಂದು.

ಇಡೀ ರಾಜ್ಯ ಒಂದು ಕಡೆ, ಈ ಸೀಟು ಇನ್ನೊಂದು ಕಡೆ.

ನಾನು ಹೇಳೋದು ಇಷ್ಟೇ. ಇಲ್ಲಿನ ಮತದಾರ ಮೊದಲು ಕಾಂಗ್ರೆಸ್ ಬೇಡ ಅಂದ. ಯಾರು ಬೇಕು ಅಂತ ಆಮೇಲೆ ಯೋಚನೆ ಮಾಡಿದ. ಜನತಾ ಪರಿವಾರ ಒಡೆದು ಚೂರಾದಾಗ ಆ ಮತ ಬಿಜೆಪಿಗೆ ಬಂದು ಸೇರಿತು. ಅದಾದ ಮೇಲೆ ಕಾಂಗ್ರೆಸ್ ಇಲ್ಲಿ ಬೇರು ಬಿಡಲಿಕ್ಕೇ ನೋಡಲಿಲ್ಲ. ಪ್ರತಿ ಸಲ ಒಂದು ಹೊಸ ಮುಖ ತಂದು ನಿಲ್ಲಿಸುವುದು, ಸೋತ ಮೇಲೆ ಆ ಮುಖವನ್ನು ಬೇರೆ ಕಡೆ ಕಳಿಸುವುದು, ಐದು ವರ್ಷ ಈ ಕಡೆ ತಿರುಗಿ ನೋಡದೇ ಇರುವುದು. ಕೋಟೆ ಕಟ್ಟಿದ್ದರಲ್ಲಿ ಕಾಂಗ್ರೆಸ್ಸಿನದೂ ಅರ್ಧ ಪಾಲಿದೆ. ಒಪ್ಪದವರು ಬನ್ನಿ, ಜಗಳ ಮಾಡೋಣ.


ಚಾಮರಾಜಪೇಟೆ ಚಂದಾದಾರ:

ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. 1977 ಆಯಿತು ಅಂದಿರಿ, ಯಾಕೆ ಆಯಿತು ಅಂತ ಹೇಳಲಿಲ್ಲ.

ಅದಕ್ಕೂ ಮುಂಚೆ ಇದು ಕೆಂಗಲ್ ಹನುಮಂತಯ್ಯನವರ ಸೀಟು. 1962, 1967, 1971, ಮೂರು ಸಲ ಬೆಂಗಳೂರು ನಗರದಿಂದ ಅವರೇ ಗೆದ್ದರು. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ, ಆಮೇಲೆ ರೈಲ್ವೆ ಮಂತ್ರಿ. ಅಂಥವರು ಈ ಊರಲ್ಲಿ ಸೋಲುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. 1977ರಲ್ಲಿ ಸೋತರು. ಸೋಲಿಸಿದವರು ಯಾರು? ಕಾರ್ಕಳದ ಕಡೆಯವರು, ಅಲ್ಲಿಯವರೆಗೆ ಒಂದು ಲೋಕಸಭಾ ಚುನಾವಣೆಯನ್ನೂ ಗೆಲ್ಲದವರು, ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ.

ಹೆಗ್ಡೆಯವರ ಕಥೆ ಗೊತ್ತಿಲ್ಲದವರಿಗೆ: 1973ರಲ್ಲಿ ಇಂದಿರಾ ಸರ್ಕಾರ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೆ ಸರಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಹಾಗೆ ಬದಿಗೆ ಸರಿದ ಮೂವರು ಶೇಲತ್, ಹೆಗ್ಡೆ, ಗ್ರೋವರ್. ಮೂವರೂ ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿ ಸಡಿಲವಾದ ಮೇಲೆ ಅದೇ ಮನುಷ್ಯ ಬಂದು ವೋಟು ಕೇಳಿದರೆ ಭಾಷಣವೇ ಬೇಕಾಗಿರಲಿಲ್ಲ. ವಕೀಲರು, ಮೇಷ್ಟ್ರುಗಳು, ಬ್ಯಾಂಕಿನವರು, ಪಿಂಚಣಿದಾರರು ತುಂಬಿದ್ದ ಬಡಾವಣೆಗಳಿವು. ಇಲ್ಲಿ ಅದಕ್ಕಿಂತ ಒಳ್ಳೆಯ ಅಭ್ಯರ್ಥಿ ಹುಡುಕಿದರೂ ಸಿಗುತ್ತಿರಲಿಲ್ಲ. ಗೆದ್ದ ವರ್ಷವೇ ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆದರು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಇವರ ಮಗ.

ಇನ್ನೊಂದು ವಿಷಯ ಮರೆಯಬೇಡಿ. ತುರ್ತು ಪರಿಸ್ಥಿತಿ ಘೋಷಣೆ ಆದಾಗ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೂವರೂ ಬೆಂಗಳೂರಲ್ಲೇ ಇದ್ದರು. ಇಲ್ಲೇ ಹಿಡಿದು ಇಲ್ಲಿನ ಸೆಂಟ್ರಲ್ ಜೈಲಿಗೇ ಹಾಕಿದರು, ಈಗ ಫ್ರೀಡಂ ಪಾರ್ಕ್ ಇದೆಯಲ್ಲ, ಅಲ್ಲಿ. ನಟಿ ಸ್ನೇಹಲತಾ ರೆಡ್ಡಿ ಇದ್ದದ್ದೂ ಅದೇ ಜೈಲು. ಹಾಗಾಗಿ ಈ ಊರಿಗೆ ತುರ್ತು ಪರಿಸ್ಥಿತಿ ಅನ್ನುವುದು ಎಲ್ಲೋ ದೆಹಲಿಯ ಸುದ್ದಿ ಆಗಿರಲಿಲ್ಲ. ಆರೆಸ್ಸೆಸ್ ಸಂಘದವರ ಕಚೇರಿ ಕೇಶವಕೃಪ ಶಂಕರಪುರಂನಲ್ಲಿದೆ. ಆ ಜಾಲ ಆಗಲೇ ಮನೆಮನೆಗೂ ಹಬ್ಬಿತ್ತು, 1977ರಲ್ಲಿ ಜನಸಂಘ ಜನತಾ ಪಕ್ಷದ ಒಳಗೇ ಇತ್ತು. ಆದ್ದರಿಂದ ಮೊದಲು ಕಾಂಗ್ರೆಸ್ ವಿರೋಧಿ ಮತ, ಆಮೇಲೆ ಬಿಜೆಪಿ ಮತ ಅಂತ ನೀವು ಎರಡು ಭಾಗ ಮಾಡಿದ್ದೀರಲ್ಲ, ಅದು ಅಷ್ಟು ಸಲೀಸಾಗಿ ಬೇರೆ ಆಗುವುದಿಲ್ಲ.


ಗಾಂಧಿಬಜಾರ್ ಗೆಳೆಯ:

ಶಾಮಣ್ಣನವರ ಬಗ್ಗೆ ಒಂದು ಸಾಲಿನಲ್ಲಿ ಮುಗಿಸಿದ್ದು ಸರಿ ಹೋಗಲಿಲ್ಲ.

ಬಸವನಗುಡಿ ಕಡೆಯ ಹಿರಿಯರನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ಮೊದಲು ಹೇಳುವುದು ಸೈಕಲ್ ಬಗ್ಗೆ. ಖಾದಿ ಹಾಕಿಕೊಂಡು ಸೈಕಲ್ ಮೇಲೆ ಓಡಾಡುತ್ತಿದ್ದ ಸ್ವಾತಂತ್ರ್ಯ ಹೋರಾಟಗಾರ. ನಲ್ಲಿ ನೀರು ಬರುತ್ತಿಲ್ಲ ಅಂದರೂ ಅವರ ಹತ್ತಿರ ಹೋಗುತ್ತಿದ್ದರು, ಮಗನ ಫೀಸು ಕಟ್ಟಲಾಗುತ್ತಿಲ್ಲ ಅಂದರೂ ಅವರ ಹತ್ತಿರವೇ. 1980ರಲ್ಲಿ ಕರ್ನಾಟಕದ 28 ಸೀಟಿನಲ್ಲಿ 27 ಇಂದಿರಾ ಕಾಂಗ್ರೆಸ್‌ಗೆ ಹೋಗಿ ಒಂದು ಉಳಿದದ್ದಕ್ಕೆ ಇದೂ ಒಂದು ಕಾರಣ. ಸುಮ್ನೆ ಪಕ್ಷದ ಲೆಕ್ಕ ಹಾಕಿದರೆ ಅದು ಕಾಣುವುದಿಲ್ಲ. ಜನತಾ ಸರ್ಕಾರ ದೆಹಲಿಯಲ್ಲಿ ಕಚ್ಚಾಡಿಕೊಂಡು ಬಿದ್ದುಹೋಗಿತ್ತು, ಆ ಪಕ್ಷದ ಹೆಸರು ಹೇಳಿದರೆ ಜನ ನಗುತ್ತಿದ್ದ ಕಾಲ ಅದು. ಆದರೂ ಗೆದ್ದರು. ವೋಟು ಬಿದ್ದದ್ದು ಶಾಮಣ್ಣನವರಿಗೆ.

ಹಾಗಾಗಿ ಹಳಬರೇ, ಜನ ಕಾಂಗ್ರೆಸ್ ಬೇಡ ಅಂದರು ಅನ್ನುವುದಕ್ಕಿಂತ, ಎದುರುಗಡೆ ಒಳ್ಳೆ ಮನುಷ್ಯರು ಸಿಕ್ಕರು ಅನ್ನಬಹುದು ಅಲ್ವಾ?


ಜಯನಗರ ನಾಲ್ಕನೇ ಬ್ಲಾಕ್:

1989 ಹೇಗೆ ವಿವರಿಸುತ್ತೀರಿ ಹಾಗಾದರೆ? ಗೋಕಾಕ್ ಚಳವಳಿ ಕಾಲದಲ್ಲಿ ಇದೇ ಬೆಂಗಳೂರು ಗುಂಡೂರಾವ್ ಮೇಲೆ ಕೆಂಡ ಕಾರುತ್ತಿತ್ತು. 1983ರಲ್ಲಿ ಅವರ ಸರ್ಕಾರವೇ ಹೋಯಿತು. ಆರು ವರ್ಷ ಆದ ಮೇಲೆ ಅವರನ್ನೇ ದೆಹಲಿಗೆ ಕಳಿಸಿದ್ದು ಯಾರು? ನಾವೇ.


ಹನುಮಂತನಗರದ ಹಳಬ:

1989 ಅಂದರೆ ಜನತಾದವರು ತಮ್ಮ ಮನೆಗೆ ತಾವೇ ಬೆಂಕಿ ಇಟ್ಟುಕೊಂಡ ವರ್ಷ. ಟೆಲಿಫೋನ್ ಕದ್ದಾಲಿಕೆ ಗಲಾಟೆಯಲ್ಲಿ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು, ಮರುವರ್ಷ ಬೊಮ್ಮಾಯಿ ಸರ್ಕಾರ ವಜಾ ಆಯಿತು. ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ 178, ಲೋಕಸಭೆಯಲ್ಲಿ 27. ಅಂಥ ಅಲೆಯಲ್ಲಿ ಈ ಸೀಟೂ ಹೋಯಿತು. ಎರಡೇ ವರ್ಷ, 1991ರಲ್ಲಿ ಅದೇ ಗುಂಡೂರಾವ್ ಅದೇ ಸೀಟಿನಲ್ಲಿ ಸೋತರು. ಅಂದರೆ 1989ರಲ್ಲಿ ಜನ ಕಾಂಗ್ರೆಸ್ ಮೇಲಿನ ಪ್ರೀತಿಯಿಂದೇನೂ ವೋಟು ಹಾಕಲಿಲ್ಲ, ಜನತಾದವರ ಮೇಲಿನ ಸಿಟ್ಟಿಗೆ ಹಾಕಿದರು.

1991ರಲ್ಲಿ ಗುಂಡೂರಾವ್ ಅವರನ್ನು ಸೋಲಿಸಿದ್ದು ಯಾರು ನೋಡಿ: ಕೆ. ವೆಂಕಟಗಿರಿಗೌಡ. ಅರ್ಥಶಾಸ್ತ್ರದ ಪ್ರೊಫೆಸರ್, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಬಿಜೆಪಿ ಆ ವರ್ಷ ಕರ್ನಾಟಕದಲ್ಲಿ ಮೊದಲ ಸಲ ಲೋಕಸಭೆಯ ಖಾತೆ ತೆರೆಯಿತು, ನಾಲ್ಕು ಸೀಟು: ಮಂಗಳೂರು, ಬೀದರ್, ತುಮಕೂರು, ಬೆಂಗಳೂರು ದಕ್ಷಿಣ. ಆ ಹೊತ್ತಿಗೆ ರಾಮಜನ್ಮಭೂಮಿ ಚಳವಳಿ ಜೋರಾಗಿತ್ತು, ಜನತಾ ದಳ ಒಡೆದಿತ್ತು, ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ರಾಜೀವ್ ಗಾಂಧಿ ವಿಮಾನ ನಿಲ್ದಾಣದಲ್ಲಿ ನಿಂತು ತೆಗೆದುಹಾಕಿದ ಸಿಟ್ಟು ಲಿಂಗಾಯತರಲ್ಲಿ ಇನ್ನೂ ಆರಿರಲಿಲ್ಲ. ಮೂರೂ ಒಟ್ಟಿಗೆ ಸೇರಿಕೊಂಡವು. ಆದರೂ ನ್ಯಾಯಮೂರ್ತಿ, ಗಾಂಧಿವಾದಿ, ಪ್ರೊಫೆಸರ್ ಅಂತ ಅಭ್ಯರ್ಥಿಗಳ ಸಾಲು ನೋಡಿದರೆ ಗೆಳೆಯರ ಮಾತಿನಲ್ಲಿ ತೂಕ ಇದೆ, ಇಲ್ಲ ಅನ್ನುವುದಿಲ್ಲ.

ಮುಖ್ಯ ಸಾಕ್ಷಿ ಬೇಕಿದ್ದರೆ 1996 ತಗೊಳ್ಳಿ. ದೇವೇಗೌಡರು ಪ್ರಧಾನಿ ಆದ ಚುನಾವಣೆ, ಕರ್ನಾಟಕದಲ್ಲಿ ಜನತಾ ದಳಕ್ಕೆ 16 ಸೀಟು. ಮೂರು ಸಲ ಜನತಾ ಪಕ್ಷವನ್ನು ಗೆಲ್ಲಿಸಿದ ಕ್ಷೇತ್ರ ಆ ಅಲೆಯಲ್ಲಿ ದಳದ ಕಡೆ ಹೋಗಬೇಕಿತ್ತು. ಹೋಗಲಿಲ್ಲ. ಅನಂತಕುಮಾರ್ ಗೆದ್ದರು. ಹಳೆಯ ಮತ ಅಷ್ಟರಲ್ಲಿ ಮನೆ ಬದಲಾಯಿಸಿಬಿಟ್ಟಿತ್ತು. ದೇವೇಗೌಡರ ಮನೆ ಇರುವುದು ಪದ್ಮನಾಭನಗರದಲ್ಲಿ, ಇದೇ ಬೆಂಗಳೂರು ದಕ್ಷಿಣದ ಭಾಗ ಅದು. ಅವರ ಜೆಡಿಎಸ್ ಮಾತ್ರ ಈ ಸೀಟನ್ನು ಒಂದು ಸಲವೂ ಗೆಲ್ಲಲಿಲ್ಲ.


ಪೇಜ್ ಪ್ರಮುಖ್:

ಹೆಸರು ನೋಡಿದರೆ ನಾನು ಬಿಜೆಪಿ ಕಡೆ ಅಂತ ಗೊತ್ತಾಗುತ್ತದೆ, ಮುಚ್ಚಿಡುವುದೇನೂ ಇಲ್ಲ.

ಅನಂತಕುಮಾರ್ ಅವರನ್ನು "ಮತ ಬಂದು ಸೇರಿತು" ಅನ್ನುವ ಒಂದು ವಾಕ್ಯದಲ್ಲಿ ಮುಗಿಸಬೇಡಿ. ಆರು ಚುನಾವಣೆ ಗೆದ್ದವರು. 1996, 98, 99, 2004, 2009, 2014. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಅಲೆ ಇತ್ತು, ಕಾಂಗ್ರೆಸ್ ರಾಜ್ಯದಲ್ಲಿ 18 ಸೀಟು ಹೊಡೆಯಿತು, ಇಲ್ಲಿ ಅಲುಗಾಡಲಿಲ್ಲ. ಓದಿದ್ದೆಲ್ಲ ಹುಬ್ಬಳ್ಳಿಯಲ್ಲಿ, ಎಬಿವಿಪಿಯಿಂದ ಬಂದವರು. 1998ರಲ್ಲಿ ವಾಜಪೇಯಿ ಸಂಪುಟ ಸೇರಿದಾಗ ಇನ್ನೂ ನಲವತ್ತು ತುಂಬಿರಲಿಲ್ಲ. ವಿಮಾನಯಾನ, ನಗರಾಭಿವೃದ್ಧಿ, ಆಮೇಲೆ ರಸಗೊಬ್ಬರ, ಸಂಸದೀಯ ವ್ಯವಹಾರ. ದೆಹಲಿಯಲ್ಲಿ ಕರ್ನಾಟಕದ ಕೆಲಸ ಇದೆ ಅಂದರೆ ಪಕ್ಷ ಯಾವುದಾದರೂ ಸರಿ, ಮೊದಲು ಫೋನ್ ಹೋಗುತ್ತಿದ್ದದ್ದು ಅವರಿಗೆ.

ಇನ್ನು ಬೂತ್. ಮತದಾರರ ಪಟ್ಟಿಯ ಒಂದು ಹಾಳೆಗೆ ಒಬ್ಬ ಅಂತ ನಾವು ಜವಾಬ್ದಾರಿ ಹಂಚಿಕೊಳ್ಳುತ್ತೇವೆ, ಪೇಜ್ ಪ್ರಮುಖ್ ಅಂದರೆ ಅದೇ. ನನ್ನ ಹಾಳೆಯಲ್ಲಿರುವ ಪ್ರತಿ ಮನೆಯೂ ನನಗೆ ಗೊತ್ತು. ಎರಡನೇ ಮಹಡಿಯ ಅಜ್ಜಿಗೆ ಮೆಟ್ಟಿಲು ಇಳಿಯಲಿಕ್ಕೆ ಆಗಲ್ಲ, ಆಟೋ ಬೆಳಿಗ್ಗೆ ಏಳಕ್ಕೇ ಬರಬೇಕು. ಮೂಲೆ ಮನೆಯ ಹುಡುಗ ಪುಣೆಯಲ್ಲಿದ್ದಾನೆ, ಗುರುವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಕೋ ಅಂತ ಹದಿನೈದು ದಿನ ಮುಂಚೆಯೇ ಹೇಳಬೇಕು. ಬೂತ್ ಅಧಿಕಾರಿ ಕೈಯಲ್ಲಿ ಎಎಸ್‌ಡಿ ಪಟ್ಟಿ ಅಂತ ಒಂದಿರುತ್ತದೆ, ಮನೆಯಲ್ಲಿ ಸಿಗದವರು, ಮನೆ ಬಿಟ್ಟವರು, ಸತ್ತವರು. ಅದರಲ್ಲಿ ಬದುಕಿರುವವರ ಹೆಸರೂ ಸೇರಿಕೊಂಡಿರುತ್ತದೆ. ಅದನ್ನು ಮುಂಚೆಯೇ ನೋಡದಿದ್ದರೆ ಮತದಾನದ ದಿನ ಬೂತ್ ಬಾಗಿಲಲ್ಲಿ ನಿಂತು ಕೂಗಾಡಬೇಕಾಗುತ್ತದೆ. ಎದುರು ಟೇಬಲ್‌ನಲ್ಲಿ ಕಾಂಗ್ರೆಸ್ ಏಜೆಂಟ್ ಮಧ್ಯಾಹ್ನದ ಊಟಕ್ಕೆ ಎದ್ದು ಹೋದರೆ ಎಷ್ಟೋ ಸಲ ವಾಪಸ್ ಬಂದಿಲ್ಲ.

ಬಿಟ್ಟುಕೊಟ್ಟ ಜಾಗ ಅಂತ ಹಗುರವಾಗಿ ಹೇಳುತ್ತೀರಿ. ಬೇರೆಯವರು ಬಿಟ್ಟುಕೊಟ್ಟರೂ ಹಿಡಿದುಕೊಳ್ಳಲಿಕ್ಕೆ ಆಳು ಬೇಕಲ್ಲ ಸ್ವಾಮಿ.


ಫಾರಂ 20:

ಭಾವನೆ ಪಕ್ಕಕ್ಕಿಡಿ, ಅಂಕಿ ನೋಡೋಣ. 2008ರ ಕ್ಷೇತ್ರ ಮರುವಿಂಗಡಣೆ ಆದ ಮೇಲಿನ ನಾಲ್ಕು ಚುನಾವಣೆ ಸಾಕು.

2009: ಅನಂತಕುಮಾರ್ 4,37,953, ಕೃಷ್ಣ ಬೈರೇಗೌಡ 4,00,341.
2014: ಅನಂತಕುಮಾರ್ 6,33,816, ನಂದನ್ ನಿಲೇಕಣಿ 4,05,241.
2019: ತೇಜಸ್ವಿ ಸೂರ್ಯ 7,39,229, ಬಿ.ಕೆ. ಹರಿಪ್ರಸಾದ್ 4,08,037.
2024: ತೇಜಸ್ವಿ ಸೂರ್ಯ 7,50,830, ಸೌಮ್ಯಾ ರೆಡ್ಡಿ 4,73,747.

ಎಡಗಡೆಯ ಅಂಕಿ ಎಲ್ಲರೂ ನೋಡುತ್ತಾರೆ. ಬಲಗಡೆಯದು ನೋಡಿ. ಹತ್ತು ವರ್ಷ ಕಾಂಗ್ರೆಸ್ ಮತ 4 ಲಕ್ಷದಲ್ಲೇ ಗೂಟ ಹೊಡೆದುಕೊಂಡು ಕೂತಿದೆ. ಕೃಷ್ಣ ಬೈರೇಗೌಡರಿಗಿಂತ ನಿಲೇಕಣಿಯವರಿಗೆ ಬಂದದ್ದು 4,900 ಮತ ಜಾಸ್ತಿ, ಅಷ್ಟೇ. ಇನ್ಫೋಸಿಸ್ ಕಟ್ಟಿದವರು, ಆಧಾರ್ ಮಾಡಿದವರು, ಸಾವಿರಾರು ಕೋಟಿ ಆಸ್ತಿ ಘೋಷಿಸಿ ದೇಶಕ್ಕೆಲ್ಲ ಸುದ್ದಿಯಾದವರು. ಹೆಚ್ಚಾದದ್ದು 4,900. ಅವರಿಗಿಂತ ಹರಿಪ್ರಸಾದ್ ಅವರಿಗೆ 2,796 ಜಾಸ್ತಿ. ಅಭ್ಯರ್ಥಿ ಯಾರೇ ಆಗಲಿ, ಕಾಂಗ್ರೆಸ್‌ಗೆ ಬರುವುದು ಅದೇ ಮನೆಗಳ ಅದೇ ಮತ. ಹೊಸದಾಗಿ ಬೂತಿಗೆ ಬಂದವರು ಹೆಚ್ಚುಕಡಿಮೆ ಎಲ್ಲರೂ ಆ ಕಡೆ ಹೋದರು.

ಹೀಗಾಗಿ "ಒಳ್ಳೆ ಮನುಷ್ಯ ಸಿಕ್ಕರೆ ಜನ ಗೆಲ್ಲಿಸುತ್ತಾರೆ" ಅನ್ನುವುದು 1980ಕ್ಕೆ ಸರಿ. 2014ಕ್ಕೆ ನಡೆಯುವುದಿಲ್ಲ. ನಿಲೇಕಣಿಯವರು ಕೆಟ್ಟ ಅಭ್ಯರ್ಥಿ ಅಂತ ಯಾರೂ ಹೇಳಲಿಲ್ಲ. ಬಿಜೆಪಿಗೆ ವೋಟು ಹಾಕಿದವರೂ ಹೇಳಲಿಲ್ಲ. ಒಳ್ಳೆಯವರು, ಆದರೆ ಪಾರ್ಟಿ ಸರಿ ಇಲ್ಲ, ಈ ಸಲ ಮೋದಿ ಬರಲಿ ಅಂದರು. ಅಂತರ 2,28,575.

ಇನ್ನೊಂದು ತಮಾಷೆ. ಐಟಿಯವರು ನಿಲೇಕಣಿ ಕೈ ಹಿಡಿಯುತ್ತಾರೆ ಅಂತ ದೆಹಲಿ ಪತ್ರಿಕೆಯವರು ಬರೆದರು. ಇನ್ಫೋಸಿಸ್ ಇರುವ ಎಲೆಕ್ಟ್ರಾನಿಕ್ ಸಿಟಿ ಈ ಕ್ಷೇತ್ರದಲ್ಲೇ ಇಲ್ಲ, ಅದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರ.


ಬಿಟಿಎಂ ಬಾಡಿಗೆದಾರ:

ಹೊರಗಿನವರಿಗೆ ಈ ಹೆಸರುಗಳು ಅರ್ಥ ಆಗುವುದೇ ಕಷ್ಟ ಬಿಡಿ. ಬೆಂಗಳೂರು ದಕ್ಷಿಣ ಅಂತ ಒಂದು ವಿಧಾನಸಭಾ ಕ್ಷೇತ್ರ ಇದೆ, ಅದು ಬೆಂಗಳೂರು ದಕ್ಷಿಣ ಲೋಕಸಭೆಗೆ ಸೇರುವುದಿಲ್ಲ, ಗ್ರಾಮಾಂತರಕ್ಕೆ ಸೇರುತ್ತದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತಲೇ ಹೆಸರಿಟ್ಟರು. ಅದೇ ವರ್ಷ ಪಾಲಿಕೆ ಒಡೆದು ಐದು ಮಾಡಿದರಲ್ಲ, ಅದರಲ್ಲೂ ಒಂದು ದಕ್ಷಿಣ.

ನಾನು ಹೇಳಬೇಕಿದ್ದದ್ದು ಬೇರೆ. ನೀವೆಲ್ಲ ವೋಟು ಹಾಕಿದವರ ಲೆಕ್ಕ ಮಾಡುತ್ತಿದ್ದೀರಿ. ಹಾಕದವರ ಲೆಕ್ಕ ಯಾರು ಮಾಡುತ್ತೀರಿ? 2024ರಲ್ಲಿ ಇಲ್ಲಿ ಸುಮಾರು 23 ಲಕ್ಷ ಮತದಾರರಿದ್ದರು. ಮತದಾನ ಸುಮಾರು 53 ಶೇಕಡಾ. ಅಂದರೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ಬೂತಿಗೇ ಬರಲಿಲ್ಲ. ಗೆದ್ದವರಿಗೆ ಬಿದ್ದದ್ದು ಏಳೂವರೆ ಲಕ್ಷ. ಗೆದ್ದದ್ದು ಯಾರು ಹಾಗಾದರೆ? ಅದೇ ದಿನ ಮಂಡ್ಯದಲ್ಲಿ 81 ಶೇಕಡಾ ದಾಟಿತು. ಇಲ್ಲಿ ಹೋಟೆಲಿನವರು ಬೆರಳಿನ ಶಾಯಿ ತೋರಿಸಿದರೆ ತಿಂಡಿ ಫ್ರೀ ಅಂತ ಬೋರ್ಡ್ ಹಾಕಿದರೂ ಜನ ಏಳಲಿಲ್ಲ.

ನನ್ನದೇ ಹೇಳುತ್ತೇನೆ. ಬಿಟಿಎಂನಲ್ಲಿ ಮನೆ ಬದಲಾಯಿಸಿದ ಮೇಲೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಿದೆ. ಹಳೆ ಕಡೆ ತೆಗೆದರು, ಹೊಸ ಕಡೆ ಸೇರಿಸಲಿಲ್ಲ. ಮತದಾನದ ದಿನ ಎರಡು ಶಾಲೆ ಸುತ್ತಿದೆ. ಎರಡನೇ ಶಾಲೆಯ ಗೇಟಿನ ಹತ್ತಿರ ನಾಲ್ಕು ಪಕ್ಷದವರೂ ಟೇಬಲ್ ಹಾಕಿಕೊಂಡು ಪಟ್ಟಿ ಹಿಡಿದು ಕೂತಿದ್ದರು, ನಾಲ್ಕು ಪಟ್ಟಿಯಲ್ಲೂ ನಾನಿಲ್ಲ. ಬಿಸಿಲು ಅಂದರೆ ಆ ಏಪ್ರಿಲ್ ಬಿಸಿಲು. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುತ್ತಿದ್ದ ತಿಂಗಳು ಅದು. ವಾಪಸ್ ಬಂದೆ. ಪ್ರಮುಖ್ ಅವರೇ, ನಿಮ್ಮ ಹಾಳೆಯಲ್ಲಿ ಇಲ್ಲದವರ ಮನೆಗೆ ಯಾವ ಪಕ್ಷದವರೂ ಬರುವುದಿಲ್ಲ. ಬಾಡಿಗೆದಾರರು ಯಾರ ಲೆಕ್ಕದಲ್ಲೂ ಇಲ್ಲ.


ಪೇಜ್ ಪ್ರಮುಖ್:

ಅದು ನಿಜ. ಬಾಡಿಗೆ ಮನೆಗಳ ಬೀದಿಯಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಹಾಳೆ ಬದಲಾಗುತ್ತದೆ. ಸ್ವಂತ ಮನೆಯವರ ಬೀದಿ ನೋಡಿಕೊಳ್ಳುವುದು ಸುಲಭ.


ವಿಜಯನಗರ ವಾಸಿ:

ಎಲ್ಲರೂ ಬಸವನಗುಡಿ, ಜಯನಗರ ಅಂತಲೇ ಮಾತಾಡುತ್ತಿದ್ದೀರಿ. ಕ್ಷೇತ್ರ ಅಷ್ಟೇನಾ? ಗೋವಿಂದರಾಜನಗರ, ವಿಜಯನಗರ, ಚಿಕ್ಕಪೇಟೆ, ಬಿಟಿಎಂ, ಬೊಮ್ಮನಹಳ್ಳಿ ಇವೆಲ್ಲ ಎಲ್ಲಿ ಹೋದವು?

ನಮ್ಮ ಕಡೆ ಕಥೆ ಬೇರೆ. ವಿಜಯನಗರದಲ್ಲಿ 2008ರಿಂದ ಎಂ. ಕೃಷ್ಣಪ್ಪ, ಕಾಂಗ್ರೆಸ್. ನಾಲ್ಕು ಸಲ. ಪಕ್ಕದ ಗೋವಿಂದರಾಜನಗರದಲ್ಲಿ ಅವರ ಮಗ ಪ್ರಿಯಾಕೃಷ್ಣ. ಬಿಟಿಎಂನಲ್ಲಿ ರಾಮಲಿಂಗಾರೆಡ್ಡಿ, ಅವರನ್ನು ಅಲ್ಲಾಡಿಸಲಿಕ್ಕೆ ಆಗಿಲ್ಲ. 2013ರಲ್ಲಿ ಎಂಟು ವಿಧಾನಸಭಾ ಕ್ಷೇತ್ರದಲ್ಲಿ ನಾಲ್ಕು ಕಾಂಗ್ರೆಸ್, ನಾಲ್ಕು ಬಿಜೆಪಿ, ಸಮಸಮ. ಒಂದೇ ವರ್ಷ, 2014ರಲ್ಲಿ ಅದೇ ಎಂಟು ಕ್ಷೇತ್ರ ಸೇರಿ ಬಿಜೆಪಿಗೆ ಎರಡೂಕಾಲು ಲಕ್ಷದ ಲೀಡ್. 2023ರಲ್ಲಿ ಐದು ಬಿಜೆಪಿ, ಮೂರು ಕಾಂಗ್ರೆಸ್, ಅದರಲ್ಲೂ ಜಯನಗರ ಹೋದದ್ದು 16 ಮತದಲ್ಲಿ. ಮತ್ತೆ 2024ರಲ್ಲಿ ಎರಡೂಮುಕ್ಕಾಲು ಲಕ್ಷ.

ನಮ್ಮ ಬೀದಿಯಲ್ಲೇ ನೋಡಿದ್ದೇನೆ, ಶಾಸಕರ ಚುನಾವಣೆಗೆ ಕೃಷ್ಣಪ್ಪನವರ ಕರಪತ್ರ ಹಂಚುವ ಹುಡುಗರು ಲೋಕಸಭೆಗೆ ಮೋದಿ ಫೋಟೋ ಹಾಕಿಕೊಳ್ಳುತ್ತಾರೆ, ಅದರಲ್ಲಿ ಅವರಿಗೆ ಮುಜುಗರವೇನೂ ಇಲ್ಲ. ಮೋರಿ, ಖಾತೆ, ಆಸ್ಪತ್ರೆ ಬೆಡ್ ಬೇಕಾದರೆ ಶಾಸಕರು. ದೆಹಲಿಗೆ ಬೇರೆ. ಆದ್ದರಿಂದ ಹಳಬರ ಮಾತಿಗೆ ನನ್ನ ತಿದ್ದುಪಡಿ ಏನಂದರೆ, ಕಾಂಗ್ರೆಸ್ ಈ ಜಾಗ ಬಿಟ್ಟುಕೊಟ್ಟಿಲ್ಲ. ಕೆಳಗೆ ಚೆನ್ನಾಗಿಯೇ ಹಿಡಿದುಕೊಂಡಿದೆ. ಬಿಟ್ಟಿರುವುದು ಲೋಕಸಭೆ ಸೀಟನ್ನು ಮಾತ್ರ. ಶಾಸಕರು ತಮ್ಮ ಚುನಾವಣೆಗೆ ಸುರಿಸುವ ಬೆವರನ್ನು ಲೋಕಸಭೆಗೆ ಸುರಿಸುವುದಿಲ್ಲ. ಕೃಷ್ಣಪ್ಪನವರೇ 2004ರಲ್ಲಿ ಅನಂತಕುಮಾರ್ ವಿರುದ್ಧ ನಿಂತು ಸೋತರು. ಅದಾದ ಮೇಲೆ ಆ ಕಡೆ ತಲೆ ಹಾಕಲಿಲ್ಲ. ತಮ್ಮ ವಿಧಾನಸಭೆ ನೋಡಿಕೊಂಡು ಆರಾಮಾಗಿದ್ದಾರೆ.


ಹನುಮಂತನಗರದ ಹಳಬ:

ಇದು ನನ್ನ ವಾದಕ್ಕೇ ಬಲ ಕೊಡುತ್ತದೆ ನೋಡಿ. 1996ರಿಂದ ಕಾಂಗ್ರೆಸ್ ಯಾರ್ಯಾರನ್ನು ನಿಲ್ಲಿಸಿತು? ವರಲಕ್ಷ್ಮಿ ಗುಂಡೂರಾವ್, ಡಿ.ಪಿ. ಶರ್ಮ, ಬಿ.ಕೆ. ಹರಿಪ್ರಸಾದ್, ಎಂ. ಕೃಷ್ಣಪ್ಪ, ಕೃಷ್ಣ ಬೈರೇಗೌಡ, ನಿಲೇಕಣಿ, ಮತ್ತೆ ಹರಿಪ್ರಸಾದ್, ಸೌಮ್ಯಾ ರೆಡ್ಡಿ. ಎಂಟು ಚುನಾವಣೆ, ಏಳು ಮುಖ. ಹರಿಪ್ರಸಾದ್ ಎರಡನೇ ಸಲ ಬಂದದ್ದು ಇಪ್ಪತ್ತು ವರ್ಷ ಬಿಟ್ಟು. ಸೋತವರಿಗೆ ಮರುಚುನಾವಣೆಯಲ್ಲೇ ಟಿಕೆಟ್ ಕೊಟ್ಟು ಇಲ್ಲೇ ಇರಪ್ಪಾ ಅಂತ ಒಬ್ಬರಿಗಾದರೂ ಹೇಳಿದ್ದಾರಾ?

ಅದರಲ್ಲಿ ನನಗೆ ಹೊಟ್ಟೆ ಉರಿಯುವುದು 2009. ಕೃಷ್ಣ ಬೈರೇಗೌಡರು 37,612 ಮತದಲ್ಲಿ ಸೋತರು. ಅನಂತಕುಮಾರ್ ಅವರಿಗೆ ಬೆವರು ಬಂದಿತ್ತು. ಆ ಸಲ ಏರ್ ಡೆಕ್ಕನ್ ಕ್ಯಾಪ್ಟನ್ ಗೋಪಿನಾಥ್ ಕೂಡ ಪಕ್ಷೇತರರಾಗಿ ನಿಂತಿದ್ದರು. ಸಿಕ್ಕ ಮತ ಕಡಿಮೆ, ಆದರೆ ಇಲ್ಲಿ ಏನೋ ಬದಲಾಗುತ್ತಿದೆ ಅನ್ನಿಸಿತ್ತು. ಮತದಾನ 45 ಶೇಕಡಾ ಆಸುಪಾಸು, ಅಂದರೆ ಅರ್ಧದಷ್ಟು ಜನ ಇನ್ನೂ ಮನೆಯಲ್ಲೇ ಇದ್ದರು. ಸೋತವರು ಐದು ವರ್ಷ ಇಲ್ಲೇ ಇದ್ದು ಆ ಮನೆಗಳ ಬಾಗಿಲು ತಟ್ಟಿದ್ದರೆ 2014 ಹೀಗೇ ಆಗುತ್ತಿತ್ತಾ? ಅವರು 2008ರಲ್ಲೇ ಗೆದ್ದಿದ್ದ ಬ್ಯಾಟರಾಯನಪುರಕ್ಕೇ ವಾಪಸ್ ಹೋದರು, 2013ರಲ್ಲಿ ಮತ್ತೆ ಶಾಸಕರಾದರು, ಮಂತ್ರಿಯಾದರು. ಅವರ ತಪ್ಪಲ್ಲ, ಪಕ್ಷದ್ದು.


ಜಯನಗರ ನಾಲ್ಕನೇ ಬ್ಲಾಕ್:

ಮೋದಿ ಅಲೆಯಲ್ಲಿ ಯಾರಿದ್ದರೂ ಕೊಚ್ಚಿ ಹೋಗುತ್ತಿದ್ದರು ಸಾರ್. ಬಿಜೆಪಿ 2019ರಲ್ಲಿ ಅಭ್ಯರ್ಥಿ ಯಾರು ಅಂತ ಹೇಳಿದ್ದೇ ನಾಮಪತ್ರದ ಕೊನೆಯ ದಿನದ ಹಿಂದಿನ ಮಧ್ಯರಾತ್ರಿ. 28 ವರ್ಷದ ಹುಡುಗ, ಅರ್ಧ ಜನಕ್ಕೆ ಹೆಸರೂ ಗೊತ್ತಿರಲಿಲ್ಲ. 3,31,192 ಲೀಡ್ ಬಂತು. ಮೂರು ವಾರದಲ್ಲಿ ಬೇರು ಬಿಟ್ಟರಾ?


ಕತ್ರಿಗುಪ್ಪೆ ಕಾಮಾಕ್ಷಿ:

ಆ ಮಧ್ಯರಾತ್ರಿಯ ಕಥೆ ಇಷ್ಟು ಸಲೀಸಾಗಿ ದಾಟಿಸಬೇಡಿ. 2018ರ ನವೆಂಬರ್‌ನಲ್ಲಿ ಅನಂತಕುಮಾರ್ ತೀರಿಕೊಂಡ ಮೇಲೆ ತೇಜಸ್ವಿನಿ ಅನಂತಕುಮಾರ್ ಅವರ ಹೆಸರನ್ನೇ ರಾಜ್ಯ ಘಟಕ ಕಳಿಸಿತ್ತು. ಪ್ರಚಾರ ಶುರು ಮಾಡಿದ್ದರು. ದೆಹಲಿಯಿಂದ ಪಟ್ಟಿ ಬಂದಾಗ ಬೇರೆ ಹೆಸರಿತ್ತು. ಆಮೇಲೆ ಅವರು ಪಕ್ಷ ಬಿಡಲಿಲ್ಲ, ಗಲಾಟೆ ಮಾಡಲಿಲ್ಲ. ಅದನ್ನು ದೊಡ್ಡ ಗುಣ ಅಂತ ಎಲ್ಲರೂ ಹೊಗಳಿದರು. ಗಂಡಸಿಗೆ ಟಿಕೆಟ್ ತಪ್ಪಿದ್ದರೆ ಇದೇ ಹೊಗಳಿಕೆ ಬರುತ್ತಿತ್ತಾ ಅಂತ ನಾನು ಕೇಳುತ್ತೇನೆ.

ಅಷ್ಟಕ್ಕೂ ಈ ಕ್ಷೇತ್ರದಿಂದ ಇಲ್ಲಿಯವರೆಗೆ ಒಬ್ಬ ಹೆಣ್ಣುಮಗಳೂ ಲೋಕಸಭೆಗೆ ಹೋಗಿಲ್ಲ. 1996ರಲ್ಲಿ ವರಲಕ್ಷ್ಮಿ ಗುಂಡೂರಾವ್ ಸೋತರು. 2014ರಲ್ಲಿ ಜೆಡಿಎಸ್‌ನಿಂದ ರೂತ್ ಮನೋರಮಾ, ಎಎಪಿಯಿಂದ ನೀನಾ ನಾಯಕ್ ನಿಂತರು, ನಿಲೇಕಣಿ-ಅನಂತಕುಮಾರ್ ಗದ್ದಲದಲ್ಲಿ ಇಬ್ಬರ ಹೆಸರೂ ಯಾರಿಗೂ ಕೇಳಿಸಲಿಲ್ಲ. 2024ರಲ್ಲಿ ಸೌಮ್ಯಾ.

ಅಂಕಿ ಹಾಕಿದವರು ಒಂದು ಹೇಳದೇ ಬಿಟ್ಟಿದ್ದೀರಿ. ನಾಲ್ಕು ಲಕ್ಷದ ಗೋಡೆ ಅಂತೀರಲ್ಲ, ಅದನ್ನು ದಾಟಿದವರು ಇದೇ ಸೌಮ್ಯಾ ರೆಡ್ಡಿ. ಹರಿಪ್ರಸಾದ್ ಅವರಿಗಿಂತ 65,710 ಮತ ಜಾಸ್ತಿ. ಅದೇ ಹೊತ್ತಲ್ಲಿ ತೇಜಸ್ವಿಯವರಿಗೆ ಹೆಚ್ಚಾದದ್ದು 11,601 ಮಾತ್ರ, ಜೆಡಿಎಸ್ ಬೆಂಬಲ ಇದ್ದೂ. ಅಂತರ 54 ಸಾವಿರ ಇಳಿಯಿತು. ನಿಲೇಕಣಿಯವರಿಗೆ ಆಗದ್ದು ಇವರಿಗೆ ಹೇಗೆ ಆಯಿತು? ಗ್ಯಾರಂಟಿ ಯೋಜನೆ ಒಂದು ಕಾರಣ. ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡುವ ಹೆಂಗಸರು ನಮ್ಮ ಕಡೆಯೂ ಇದ್ದಾರೆ, ಎಲ್ಲರೂ ಕಾರಿನವರಲ್ಲ. ಬಸವನಗುಡಿ ಕಡೆಯ ಒಂದು ಸಹಕಾರಿ ಬ್ಯಾಂಕ್ ಮುಳುಗಿ ಠೇವಣಿ ಇಟ್ಟ ಪಿಂಚಣಿದಾರರು ಬೀದಿಗೆ ಬಂದ ಸಿಟ್ಟೂ ಸ್ವಲ್ಪ ಇತ್ತು. ಎಲ್ಲಕ್ಕಿಂತ ಜಾಸ್ತಿ, ಅವರು ಇಲ್ಲಿಯವರು. 2018ರಲ್ಲಿ ಜಯನಗರದ ಶಾಸಕಿ ಆದರು, 2023ರಲ್ಲಿ 16 ಮತಕ್ಕೆ ಸೋತರು, ಮರುವರ್ಷ ಮತ್ತೆ ಮನೆಬಾಗಿಲಿಗೆ ಬಂದರು. ಮುಖ ಗೊತ್ತಿತ್ತು.


ಫಾರಂ 20:

ಹೇಳದೇ ಬಿಟ್ಟದ್ದಲ್ಲ, ಯಾರಾದರೂ ಹಿಡಿಯುತ್ತಾರಾ ಅಂತ ಕಾಯುತ್ತಿದ್ದೆ. ಆದರೂ ಅಂತರ ಇನ್ನೂ 2,77,083 ಇದೆ ಅನ್ನುವುದು ನೆನಪಿರಲಿ. ಐದು ವರ್ಷಕ್ಕೆ 54 ಸಾವಿರದ ಲೆಕ್ಕದಲ್ಲಿ ಇಳಿದರೆ ಇನ್ನೂ ಐದು ಚುನಾವಣೆ ಬೇಕು, ಆರನೆಯದರಲ್ಲಿ ಗೆಲ್ಲಬಹುದು. ಪಕ್ಕದ ಬೆಂಗಳೂರು ಕೇಂದ್ರ ಕ್ಷೇತ್ರದಲ್ಲಿ ಪಿ.ಸಿ. ಮೋಹನ್ ಗೆದ್ದದ್ದು 32,707ರಲ್ಲಿ. ಅಲ್ಲಿ ಹೋರಾಟ ಇದೆ. ಇಲ್ಲಿ ಇನ್ನೂ ಇಲ್ಲ.


ಪೇಜ್ ಪ್ರಮುಖ್:

ಸೌಮ್ಯಾ ಅವರ ಪ್ರಚಾರ ಚೆನ್ನಾಗಿತ್ತು, ಅದು ನಮ್ಮವರೂ ಹೇಳುತ್ತಾರೆ. ಬಿಟಿಎಂ ಕಡೆ ಅವರ ತಂದೆ ರಾಮಲಿಂಗಾರೆಡ್ಡಿಯವರ ಹುಡುಗರು ಬೂತ್ ಬಿಟ್ಟು ಏಳಲಿಲ್ಲ. ಊಟ ಅಲ್ಲಿಗೇ ತರಿಸಿಕೊಂಡರು.


ವಿಜಯನಗರ ವಾಸಿ:

ಅದೇ ನಾನು ಹೇಳಿದ್ದು. ಶಾಸಕರ ಮನೆಯ ಮಗಳೇ ನಿಂತಾಗ ಶಾಸಕರ ಪಡೆ ಲೋಕಸಭೆಗೂ ಕೆಲಸ ಮಾಡಿತು. ಹೊರಗಿನಿಂದ ನಿಲೇಕಣಿಯವರನ್ನು ತಂದಾಗ ಆ ಪಡೆ ಹೂವಿನ ಹಾರ ಹಾಕಿ, ಫೋಟೋ ತೆಗೆಸಿಕೊಂಡು ಮನೆಗೆ ಹೋಗಿತ್ತು.


ಚಾಮರಾಜಪೇಟೆ ಚಂದಾದಾರ:

2029ಕ್ಕೆ ಈ ಲೆಕ್ಕ ಯಾವುದೂ ಉಳಿಯದೇ ಇರಬಹುದು. ಜನಗಣತಿ, ಆಮೇಲೆ ಮರುವಿಂಗಡಣೆ, ಅದರ ಜೊತೆಗೆ ಮಹಿಳಾ ಮೀಸಲಾತಿ. 23 ಲಕ್ಷ ಮತದಾರರ ಕ್ಷೇತ್ರವನ್ನು ಹೀಗೇ ಬಿಡುವುದು ಕಷ್ಟ. 2008ರಲ್ಲಿ ಉತ್ತರಹಳ್ಳಿ ಅನ್ನುವ ದೊಡ್ಡ ವಿಧಾನಸಭಾ ಕ್ಷೇತ್ರವೇ ಮಾಯವಾಯಿತು, ಬೆಂಗಳೂರು ಕೇಂದ್ರ ಅಂತ ಹೊಸ ಲೋಕಸಭಾ ಸೀಟೇ ಹುಟ್ಟಿತು. ಮುಂದಿನ ಸಲ ಬೊಮ್ಮನಹಳ್ಳಿ ಒಂದು ಕಡೆ, ಬಸವನಗುಡಿ ಇನ್ನೊಂದು ಕಡೆ ಹೋದರೆ ಆಶ್ಚರ್ಯ ಇಲ್ಲ. ಆಗ ಯಾರ ಕೋಟೆ ಯಾವುದು ಅಂತ ಹೊಸದಾಗಿ ಲೆಕ್ಕ ಹಾಕಬೇಕು.


ಹನುಮಂತನಗರದ ಹಳಬ:

ಹೌದು. ಅದು ಆಗುವ ಮುಂಚೆ ಹಳೆಯದನ್ನು ಸರಿಯಾಗಿ ಬರೆದಿಡಬೇಕು ಅಂತಲೇ ಇದನ್ನು ಶುರು ಮಾಡಿದ್ದು. 2009ರಿಂದ ಈಚೆಗಿನ ಬೂತ್‌ವಾರು ಮತ ಹುಡುಕಿದರೆ ಸಿಗುತ್ತದೆ. ನನಗೆ ಬೇಕಿರುವುದು 1984, 1989, 1991, ಈ ಮೂರರದ್ದು. ಶಾಮಣ್ಣನವರಿಗೆ, ಕೃಷ್ಣ ಅಯ್ಯರ್ ಅವರಿಗೆ ವೋಟು ಹಾಕಿದ ಬೀದಿಗಳೇ ವೆಂಕಟಗಿರಿಗೌಡರಿಗೂ ಹಾಕಿದವಾ, ಇಲ್ಲ ಬೇರೆ ಬೀದಿಗಳು ಎದ್ದು ಬಂದವಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಆಗ ಏಜೆಂಟ್ ಆಗಿ ಕೂತಿದ್ದವರ ಮನೆಯ ಅಟ್ಟದಲ್ಲಿ ಕಾರ್ಬನ್ ಕಾಪಿ ಇದ್ದರೂ ಇರಬಹುದು. ಇದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ, ಮಸುಕಾಗಿದ್ದರೂ ಪರವಾಗಿಲ್ಲ, ಓದಿಕೊಳ್ಳುತ್ತೇನೆ.